ಹಳೆಯ ಪತ್ರಿಕೆಗಳಲ್ಲಿ ಮಂಗಳೂರಿನ ಬಂದರು: ಧಾರಣೆ, ಹರಾಜು, ಪ್ರಕಟಣೆಗಳಲ್ಲಿ ಉಳಿದಿರುವ ಚರಿತ್ರೆ

ಮಂಗಳೂರಿನ ಬಂದರು ಪ್ರದೇಶದ ಚರಿತ್ರೆ ತಿಳಿಯಬೇಕು ಎಂದರೆ ಹೆಚ್ಚಿನವರು ಮೂರು ಕಡೆ ನೋಡುತ್ತಾರೆ. ಒಂದು, ಮನೆಯ ಹಿರಿಯರ ನೆನಪು. ಎರಡು, ಮಸೀದಿಯ ಕಡತ. ಮೂರು, ಬ್ರಿಟಿಷ್ ಅಧಿಕಾರಿಗಳು ಬರೆದಿಟ್ಟ ಜಿಲ್ಲಾ ಕೈಪಿಡಿ. ನಾಲ್ಕನೆಯ ಮೂಲವೊಂದು ಕಣ್ಣೆದುರಿಗೇ ಇದ್ದರೂ ಅದನ್ನು ಬಳಸಿದವರು ಕಡಿಮೆ. ಅದೇ ಊರಿನ ಹಳೆಯ ಪತ್ರಿಕೆಗಳು.

ಬ್ಯಾರಿ ಸಮುದಾಯದ ಮಟ್ಟಿಗೆ ಈ ಮೂಲದ ಬೆಲೆ ಇನ್ನೂ ಹೆಚ್ಚು. ಬ್ಯಾರಿ ಭಾಷೆ ಬಹುಕಾಲ ಬಾಯಿಮಾತಿನಲ್ಲೇ ಬೆಳೆದದ್ದು. ಬ್ಯಾರಿಗಳ ವ್ಯಾಪಾರದ ಲೆಕ್ಕ ಅಂಗಡಿ ಪುಸ್ತಕದಲ್ಲಿತ್ತು, ಆ ಪುಸ್ತಕಗಳನ್ನು ಗೆದ್ದಲು ತಿಂದಿತು. ಆದರೆ ಬ್ಯಾರಿಗಳು ಕೊಟ್ಟ ಜಾಹೀರಾತು, ಹಿಡಿದ ಹರಾಜು, ಮಾರಿದ ಸರಕಿನ ಧಾರಣೆ ಪತ್ರಿಕೆಯಲ್ಲಿ ಅಚ್ಚಾಗಿ ಉಳಿದಿರುತ್ತದೆ. ಮುಖಪುಟದಲ್ಲಿ ಅಲ್ಲ, ಒಳಪುಟದ ಸಣ್ಣ ಅಕ್ಷರಗಳಲ್ಲಿ.

ಬಂದರು ಎಂಬ ಕೇರಿ

ದಕ್ಷಿಣದಿಂದ ಬರುವ ನೇತ್ರಾವತಿ, ಉತ್ತರದಿಂದ ಬರುವ ಫಲ್ಗುಣಿ ಅಂದರೆ ಗುರುಪುರ ನದಿ, ಇವೆರಡೂ ಸೇರಿ ಕಡಲಿಗೆ ಇಳಿಯುವ ಅಳಿವೆಯ ಬಳಿ ಹಳೆ ಬಂದರು ಇದೆ. ಆಚೆ ದಡದಲ್ಲಿ ಬೆಂಗ್ರೆ. ಈಚೆ ದಡದಲ್ಲಿ ಧಕ್ಕೆ, ಗೂಡ್ಸ್‌ಶೆಡ್ ರಸ್ತೆ, ಅಜೀಜುದ್ದೀನ್ ರಸ್ತೆ, ಬೀಬಿ ಅಲಾಬಿ ರಸ್ತೆ, ಕಂದಕ, ಸ್ವಲ್ಪ ಉತ್ತರಕ್ಕೆ ಕುದ್ರೋಳಿ. ಕಂದಕ ಎಂಬ ಹೆಸರೇ ಹಳೆಯ ಕೋಟೆಯ ಕಾಲವನ್ನು ನೆನಪಿಸುತ್ತದೆ.

14ನೇ ಶತಮಾನದಲ್ಲಿ ಈ ಕರಾವಳಿಯಲ್ಲಿ ಹಾದುಹೋದ ಪ್ರವಾಸಿ ಇಬ್ನ್ ಬತೂತ ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರು ಇದ್ದರು, ಫಾರಸ್ ಮತ್ತು ಯಮನ್‌ನ ವರ್ತಕರು ಇಲ್ಲಿ ಇಳಿಯುತ್ತಿದ್ದರು, ಇಲ್ಲಿ ಕಾಳುಮೆಣಸು, ಶುಂಠಿ ಹೇರಳವಾಗಿತ್ತು ಎಂದು ಬರೆದಿದ್ದಾನೆ. ಬಂದರಿನ ಝೀನತ್ ಬಕ್ಷ್ ಜುಮಾ ಮಸೀದಿ ಹಿಜರಿಯ ಮೊದಲ ಶತಮಾನದ್ದು, ಮಾಲಿಕ್ ದೀನಾರ್ ಬಳಗದವರಿಂದ ಆರಂಭವಾದದ್ದು ಎಂಬುದು ಪರಂಪರೆಯ ನಂಬಿಕೆ.

ಇವು ಶತಮಾನಗಳ ಮಾತು. ಆದರೆ ನೂರು ವರ್ಷದ ಹಿಂದೆ ಗೂಡ್ಸ್‌ಶೆಡ್ ರಸ್ತೆಯಲ್ಲಿ ಯಾರು ಏನು ಮಾರುತ್ತಿದ್ದರು, ಅಕ್ಕಿ ಮುಡಿಗೆ ಎಷ್ಟಿತ್ತು, ಮಳೆಗಾಲದಲ್ಲಿ ಹಮಾಲಿಗಳಿಗೆ ಕೆಲಸ ಇತ್ತಾ ಇಲ್ವಾ ಎಂಬುದನ್ನು ಇಬ್ನ್ ಬತೂತ ಹೇಳುವುದಿಲ್ಲ. ಅದಕ್ಕೆ ಪತ್ರಿಕೆಯೇ ಬೇಕು.

ಪತ್ರಿಕೆ ಹುಟ್ಟಿದ ಊರು

ಈ ವಿಷಯದಲ್ಲಿ ಮಂಗಳೂರು ಅದೃಷ್ಟವಂತ ಊರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಇಲ್ಲಿಂದಲೇ ಹೊರಟಿತು. ಬಾಸೆಲ್ ಮಿಷನ್‌ನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕ. ಹದಿನೈದು ದಿನಕ್ಕೊಮ್ಮೆ, ನಾಲ್ಕು ಪುಟ, ಕಲ್ಲಚ್ಚಿನಲ್ಲಿ ಮುದ್ರಣ. ಊರ ಸುದ್ದಿ, ಸರಕಾರದ ಆದೇಶಗಳು, ಬೇರೆ ರಾಜ್ಯಗಳ ವರ್ತಮಾನ, ಕಥೆ, ನೀತಿಮಾತು ಅದರಲ್ಲಿ ಬರುತ್ತಿದ್ದವು. ಮರುವರ್ಷ, 1844ರಲ್ಲಿ, ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಎಂದು ಹೆಸರು ಬದಲಿಸಿತು. ಕರ್ನಾಟಕದಲ್ಲಿ ಜುಲೈ 1 ಪತ್ರಿಕಾ ದಿನವಾಗಿರುವುದು ಇದೇ ಕಾರಣಕ್ಕೆ.

20ನೇ ಶತಮಾನದಲ್ಲಿ ಮಂಗಳೂರಿನಿಂದ ಒಂದರ ಹಿಂದೆ ಒಂದರಂತೆ ಪತ್ರಿಕೆಗಳು ಬಂದವು. 'ಸ್ವದೇಶಾಭಿಮಾನಿ', ಕವಿ ಕಡೆಂಗೋಡ್ಲು ಶಂಕರಭಟ್ಟರು ಸಂಪಾದಿಸಿದ 'ರಾಷ್ಟ್ರಬಂಧು', 1941ರಲ್ಲಿ ಶುರುವಾದ ದಿನಪತ್ರಿಕೆ 'ನವಭಾರತ' ಇವುಗಳಲ್ಲಿ ಮುಖ್ಯವಾದವು. ಕೊಂಕಣಿ ವಾರಪತ್ರಿಕೆ 'ರಾಕ್ಣೊ' 1938ರಿಂದ ಬರುತ್ತಿದೆ. 1970ರಲ್ಲಿ ಮಣಿಪಾಲದಿಂದ 'ಉದಯವಾಣಿ', 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರ 'ಮುಂಗಾರು' ಬಂದವು. ಮುಸ್ಲಿಮರ ಬದುಕನ್ನೇ ಮುಖ್ಯವಾಗಿಟ್ಟುಕೊಂಡ ಕನ್ನಡ ವಾರಪತ್ರಿಕೆ 'ಸನ್ಮಾರ್ಗ' ಮಂಗಳೂರಿನಿಂದ ಬಂದದ್ದು 1978ರಲ್ಲಿ. 'ವಾರ್ತಾಭಾರತಿ' ದಿನಪತ್ರಿಕೆ ಶುರುವಾದದ್ದು 2003ರಲ್ಲಿ.

ಈ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಗೊತ್ತಾಗುತ್ತದೆ. 1843ರಿಂದ 1978ರ ತನಕ, ಅಂದರೆ 135 ವರ್ಷಗಳ ಬಂದರಿನ ಚಿತ್ರ ಹೆಚ್ಚಾಗಿ ಬೇರೆಯವರು ನಡೆಸಿದ ಪತ್ರಿಕೆಗಳಲ್ಲಿದೆ. ಹಾಗಾಗಿ ಬ್ಯಾರಿಗಳು ಅಲ್ಲಿ ಸುದ್ದಿಯ ಕರ್ತೃಗಳಾಗಿ ಸಿಗುವುದು ಕಡಿಮೆ. ಗಿರಾಕಿ, ಜಾಹೀರಾತುದಾರ, ಕೋರ್ಟಿನ ವಾದಿ, ಪ್ರತಿವಾದಿ, ಹರಾಜು ಹಿಡಿದವ, ದೂರು ಬರೆದವ, ಹೀಗೆ ಸಿಗುತ್ತಾರೆ. ಹುಡುಕುವವರು ಇದನ್ನು ಮೊದಲೇ ತಿಳಿದುಕೊಂಡರೆ ನಿರಾಶೆ ಆಗುವುದಿಲ್ಲ.

ಯಾವ ಅಂಕಣದಲ್ಲಿ ಏನು ಸಿಗುತ್ತದೆ

ಧಾರಣೆ: ಅಕ್ಕಿ, ಅಡಿಕೆ, ಕಾಳುಮೆಣಸು, ಏಲಕ್ಕಿ, ಕಾಫಿ, ತೆಂಗು, ಗೇರು, ಒಣಮೀನು ಈ ಬಂದರಿನ ಹಳೆಯ ಸರಕುಗಳು. ಜೊತೆಗೆ ಹೆಂಚು. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಕಡಲ ದಾರಿಯಲ್ಲಿ ದೂರ ದೂರ ಹೋಯಿತು. ಧಾರಣೆ ಪಟ್ಟಿಗೆ ಯಾವ ಸರಕು ಹೊಸದಾಗಿ ಸೇರಿತು, ಯಾವುದು ಬಿಟ್ಟುಹೋಯಿತು ಎಂದು ಹತ್ತು ಹತ್ತು ವರ್ಷದ ಅಂತರದಲ್ಲಿ ನೋಡಿದರೆ ಪೇಟೆಯ ವ್ಯಾಪಾರ ಹೇಗೆ ತಿರುಗಿತು ಎಂಬುದು ಕಾಣುತ್ತದೆ.

ಹಡಗು ಸಮಾಚಾರ: ಹಳೆ ಬಂದರಿನ ಅಳಿವೆಯಲ್ಲಿ ಆಳ ಕಡಿಮೆ. ದೊಡ್ಡ ಸ್ಟೀಮರುಗಳು ಹೊರಗೆ ಕಡಲಲ್ಲೇ ಲಂಗರು ಹಾಕುತ್ತಿದ್ದವು. ಜನ, ಸರಕು ಎರಡೂ ದೋಣಿಯಲ್ಲಿ ಹೋಗಬೇಕು. ಮಂಜಿಗಳು ಮಾತ್ರ ಒಳಗೆ ಬರುತ್ತಿದ್ದವು. ಮಳೆಗಾಲದಲ್ಲಿ ಬಂದರು ಹೆಚ್ಚುಕಡಿಮೆ ಮುಚ್ಚಿದಂತೆ. ಆದ್ದರಿಂದ ಮೇ ತಿಂಗಳ ಕೊನೆಯ ಪತ್ರಿಕೆ ಮತ್ತು ಸೆಪ್ಟೆಂಬರ್ ನಂತರದ ಪತ್ರಿಕೆ, ಇವೆರಡನ್ನು ಒಟ್ಟಿಗೆ ಇಟ್ಟು ಓದಬೇಕು. ಮಳೆಗೆ ಮುಂಚೆ ದಾಸ್ತಾನು ಮಾಡುವ ಗಡಿಬಿಡಿ, ಮಳೆ ಮುಗಿದ ಮೇಲೆ ಮೊದಲ ಹಡಗಿಗೆ ಕಾಯುವ ತವಕ ಎರಡೂ ಧಾರಣೆಯಲ್ಲೇ ಗೊತ್ತಾಗುತ್ತದೆ. ಹಜ್ಜ್‌ಗೆ ಹೋಗುವವರು ಮುಂಬಯಿ ಮುಟ್ಟಿ ಅಲ್ಲಿಂದ ಹಡಗು ಹತ್ತುತ್ತಿದ್ದ ಕಾಲವದು. ಅವರಿಗೂ ಈ ವೇಳಾಪಟ್ಟಿಯೇ ಗತಿ.

ರೈಲು: 1907ರಲ್ಲಿ ಮಂಗಳೂರಿಗೆ ದಕ್ಷಿಣದ ಕಡೆಯಿಂದ ರೈಲು ಬಂತು. ಗೂಡ್ಸ್‌ಶೆಡ್ ರಸ್ತೆ ಎಂಬ ಹೆಸರಿನಲ್ಲಿ ಆ ಬದಲಾವಣೆ ಇವತ್ತಿಗೂ ಉಳಿದಿದೆ. 1907ರ ಮುಂಚಿನ ಮತ್ತು ನಂತರದ ಜಾಹೀರಾತುಗಳನ್ನು ಹೋಲಿಸಿದರೆ ಕಡಲನ್ನೇ ನಂಬಿದ್ದ ಕೇರಿ ರೈಲಿನ ಹಳಿಗೂ ಮುಖ ಮಾಡಿದ್ದು ತಿಳಿಯುತ್ತದೆ.

ಹರಾಜು ಮತ್ತು ಕೋರ್ಟು ಪ್ರಕಟಣೆ: ಚರಿತ್ರೆ ಹುಡುಕುವವರು ಹೆಚ್ಚಾಗಿ ಹಾರಿಸಿಬಿಡುವ ಅಂಕಣ ಇದು. ಆದರೆ ಮಾಹಿತಿ ಜಾಸ್ತಿ ಇರುವುದೂ ಇಲ್ಲೇ. ಮಂಗಳೂರು ಪುರಸಭೆ 1866ರಲ್ಲಿ ಶುರುವಾಯಿತು. ಮಾರುಕಟ್ಟೆ, ಕಡವು, ಜಾಗದ ಹರಾಜುಗಳು, ಸಾಲಕ್ಕೆ ಜಪ್ತಿಯಾದ ಆಸ್ತಿಗಳ ಮಾರಾಟ, ಪಾಲುದಾರಿಕೆ ಮುರಿದ ನೋಟಿಸು ಇವುಗಳಲ್ಲಿ ಹೆಸರು, ತಂದೆಯ ಹೆಸರು, ಕೆಲಸ, ಜಾಗದ ನಾಲ್ಕು ಗಡಿ ಇರುತ್ತವೆ. ಒಂದು ಆಸ್ತಿಯ ಚೆಕ್ಕುಬಂದಿ ಓದಿದರೆ ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾರ ಗೋದಾಮು ಎಂದು ಗೊತ್ತಾಗುತ್ತದೆ. ಇಂಥ ಇಪ್ಪತ್ತು ಪ್ರಕಟಣೆ ಸೇರಿಸಿದರೆ ಒಂದು ಓಣಿಯ ನಕ್ಷೆಯೇ ಸಿದ್ಧ.

ಹೆಣ್ಣುಮಕ್ಕಳ ಹೆಸರು ಅಚ್ಚಿನಲ್ಲಿ ಸಿಗುವುದೂ ಹೆಚ್ಚಾಗಿ ಇಂಥ ಆಸ್ತಿ ಪ್ರಕಟಣೆಗಳಲ್ಲೇ. ಸುದ್ದಿ ಅಂಕಣದಲ್ಲಿ ಅವರಿಗೆ ಜಾಗ ಇರಲಿಲ್ಲ. ಬಂದರಿನ ಒಂದು ರಸ್ತೆಗೆ ಬೀಬಿ ಅಲಾಬಿ ಎಂಬ ಹೆಣ್ಣಿನ ಹೆಸರಿದೆ. ಆ ಹೆಸರಿನ ಜಾಡು ಹಿಡಿಯಬೇಕೆಂದರೂ ಸುದ್ದಿ ಪುಟಕ್ಕಿಂತ ಆಸ್ತಿಯ ಪ್ರಕಟಣೆ, ವಕ್ಫ್ ದಾಖಲೆಗಳಲ್ಲಿ ಹುಡುಕುವುದೇ ಸರಿ.

ಓದುಗರ ಪತ್ರ: ಚರಂಡಿ ಕಟ್ಟಿದೆ, ದೀಪ ಉರಿಯುವುದಿಲ್ಲ, ಬಾವಿ ನೀರು ಉಪ್ಪು, ಕಡವಿನವ ಜಾಸ್ತಿ ದುಡ್ಡು ಕೇಳುತ್ತಾನೆ ಎಂಬಂಥ ಸಣ್ಣ ದೂರುಗಳನ್ನು ಬಿಡಬಾರದು. ಯಾವ ರಸ್ತೆಗೆ ಯಾವ ಸೌಕರ್ಯ ಯಾವಾಗ ಬಂತು, ಯಾವುದಕ್ಕೆ ಬರಲೇ ಇಲ್ಲ ಎಂಬುದು ಪುರಸಭೆಯ ವರದಿಗಿಂತ ಇಂಥ ದೂರುಗಳಲ್ಲೇ ಸ್ಪಷ್ಟ.

ಲೆಕ್ಕ ಓದುವ ಕ್ರಮ

ಹಳೆಯ ಧಾರಣೆ ಓದಲು ಹಣ, ಅಳತೆ ಎರಡೂ ಗೊತ್ತಿರಬೇಕು. 1957ರ ಏಪ್ರಿಲ್ 1ರ ತನಕ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಪತ್ರಿಕೆಯಲ್ಲಿ 4-8-0 ಎಂದು ಇದ್ದರೆ ನಾಲ್ಕು ರೂಪಾಯಿ ಎಂಟು ಆಣೆ, ಅಂದರೆ ಇವತ್ತಿನ ಬರವಣಿಗೆಯಲ್ಲಿ 4.50. ಅಕ್ಕಿಯ ಅಳತೆ ಮುಡಿ. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಒಟ್ಟು 42 ಸೇರು. ಉಳಿದ ಸರಕಿಗೆ ಮಣ, ಖಂಡಿ. ಖಂಡಿ ಎಂದರೆ ಎಲ್ಲ ಕಡೆ, ಎಲ್ಲ ಸರಕಿಗೂ ಒಂದೇ ತೂಕ ಅಲ್ಲ. ಆದ್ದರಿಂದ ಅದನ್ನು ಕಿಲೋಗೆ ತಿರುಗಿಸುವ ಮುಂಚೆ ಅದೇ ಪತ್ರಿಕೆಯಲ್ಲಿ ವಿವರಣೆ ಇದೆಯಾ ಎಂದು ನೋಡಬೇಕು.

ಇನ್ನೊಂದು ಎಚ್ಚರ. ಅಂದಿನ ಬೆಲೆ ನೋಡಿ ಎಷ್ಟು ಅಗ್ಗ ಅಂತ ಬೆರಗಾಗಿ ಅಲ್ಲಿಗೇ ಬಿಟ್ಟರೆ ಏನೂ ಸಿಗುವುದಿಲ್ಲ. ಅದೇ ವರ್ಷದ ಕೂಲಿ ಎಷ್ಟು ಎಂದು ಹುಡುಕಬೇಕು. ಒಂದು ಮುಡಿ ಅಕ್ಕಿಗೆ ಎಷ್ಟು ದಿನದ ದುಡಿಮೆ ಬೇಕಿತ್ತು ಎಂಬ ಲೆಕ್ಕ ಹಾಕಿದಾಗಲೇ ಧಕ್ಕೆಯಲ್ಲಿ ಮೂಟೆ ಹೊತ್ತವರ ಮನೆಯ ಪರಿಸ್ಥಿತಿ ಅರ್ಥವಾಗುವುದು.

ಒಂದೇ ವ್ಯಕ್ತಿ, ಐದು ಹೆಸರು

ಬ್ಯಾರಿ ಕುಟುಂಬಗಳ ಹೆಸರು ಹುಡುಕುವಾಗ ದೊಡ್ಡ ತೊಡಕು ಅಕ್ಷರದ್ದು. ಮನೆಯಲ್ಲಿ ಕರೆಯುವ ಹೆಸರು ಒಂದು, ಮಸೀದಿ ಪುಸ್ತಕದಲ್ಲಿ ಇನ್ನೊಂದು, ಅಚ್ಚಿನಲ್ಲಿ ಮತ್ತೊಂದು. ಮುಹಿಯುದ್ದೀನ್ ಎಂಬವರು ಮೊಯ್ದೀನ್ ಆಗಿರಬಹುದು, ಮೊಯ್ದು ಆಗಿರಬಹುದು. ಇಬ್ರಾಹೀಂ ಇಬ್ರಾಯಿ ಆಗುತ್ತಾರೆ, ಅಹ್ಮದ್ ಅಮ್ಮದ್ ಆಗುತ್ತಾರೆ, ಫಾತಿಮಾ ಪಾತುಮ್ಮ ಆಗುತ್ತಾರೆ. ಹೆಸರಿನ ಹಿಂದೆ ಮುಂದೆ ಹಾಜಿ, ಸಾಹೇಬ್, ಕುಂಞಿ, ಬ್ಯಾರಿ ಎಂದು ಬರೆಯುವವರ ಇಷ್ಟದಂತೆ ಸೇರುತ್ತಿತ್ತು. ಅಚ್ಚುಮೊಳೆ ಜೋಡಿಸುವವನಿಗೆ ಅರಬಿ ಉಚ್ಚಾರ ಗೊತ್ತಿರಬೇಕೆಂದೇನೂ ಇಲ್ಲವಲ್ಲ.

ಸಮುದಾಯದ ಹೆಸರೂ ಹಾಗೆಯೇ. ಕೆಲವು ಕಡೆ ಬ್ಯಾರಿ, ಕೆಲವು ಕಡೆ ಮಾಪ್ಳೆ, ಇನ್ನು ಕೆಲವು ಕಡೆ ಬರೇ ಮುಸಲ್ಮಾನ. ಇಂಗ್ಲಿಷ್ ದಾಖಲೆಗಳಲ್ಲಿ ಬ್ಯಾರಿಗಳನ್ನೂ ಮಲಬಾರಿನ ಮಾಪಿಳ್ಳೆಗಳನ್ನೂ ಒಟ್ಟಿಗೆ ಹಾಕಿದ್ದುಂಟು. ವಿಶೇಷವಾಗಿ 1921ರ ಮಲಬಾರ್ ಬಂಡಾಯದ ಕಾಲದ ಪತ್ರಿಕೆ ಓದುವಾಗ ಇದನ್ನು ಮರೆಯಬಾರದು. ಏರನಾಡಿನಲ್ಲಿ ಬಂದೂಕು ಹಿಡಿದವನಿಗೂ ಮಂಗಳೂರಿನಲ್ಲಿ ತಕ್ಕಡಿ ಹಿಡಿದವನಿಗೂ ಒಂದೇ ಪದ ಬಳಕೆಯಾದರೆ, ಆ ಪದ ಯಾರನ್ನು ಸೂಚಿಸುತ್ತದೆ ಎಂದು ಪ್ರತಿ ಸಲವೂ ಕೇಳಿಕೊಳ್ಳಬೇಕು.

ಊರಿನ ಹೆಸರೂ ಬೇರೆ ಬೇರೆ. ತುಳುವರಿಗೆ ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ. ಮನೆಯ ಹಳೆ ಕಾಗದದಲ್ಲಿ ಮೈಕಾಲ ಎಂದಿದ್ದರೆ ಅದು ಮಂಗಳೂರೇ.

ನೆನಪಿಗೆ ಇಸವಿ ಹಾಕುವುದು

ಹಿರಿಯರು ಇಸವಿ ಹೇಳುವುದಿಲ್ಲ, ಘಟನೆ ಹೇಳುತ್ತಾರೆ. ಪತ್ರಿಕೆಯಲ್ಲಿ ಹುಡುಕಬೇಕೆಂದರೆ ಇಸವಿ ಬೇಕು. ಅದಕ್ಕೆ ಎರಡು ದಾರಿ ಇದೆ.

ಒಂದು, ಬೊಳ್ಳ ಅಂದರೆ ನೆರೆ. 1923ರ ಆಗಸ್ಟ್‌ನ ನೇತ್ರಾವತಿ ನೆರೆ 'ಮಾರಿ ಬೊಳ್ಳ' ಎಂದೇ ಜನರ ಬಾಯಲ್ಲಿದೆ. 1974ರಲ್ಲಿ ಮತ್ತೊಂದು ದೊಡ್ಡ ನೆರೆ ಬಂತು. ಬೊಳ್ಳದ ಮುಂಚೆಯಾ, ನಂತರವಾ ಎಂದು ಕೇಳಿದರೆ ಕಾಲ ತಕ್ಕಮಟ್ಟಿಗೆ ಗೊತ್ತಾಗುತ್ತದೆ.

ಎರಡು, ರಮಝಾನ್. ಹಿಜರಿ ವರ್ಷ ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಹಾಗಾಗಿ ನೋಂಬು ಪ್ರತಿ ವರ್ಷ ಹಿಂದಕ್ಕೆ ಸರಿದು, ಸುಮಾರು 33 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತದೆ. 1947ರ ಆಗಸ್ಟ್ 15 ರಮಝಾನ್ ತಿಂಗಳಲ್ಲೇ ಬಂದಿತ್ತು. ಅಂದರೆ ನೋಂಬು ಆಟಿ ತಿಂಗಳಲ್ಲಿ ಬಿದ್ದದ್ದು 1947ರ ಆಸುಪಾಸಿನಲ್ಲಿ, ಅದಕ್ಕೂ ಹಿಂದೆ 1914ರ ಸುತ್ತ, ಮುಂದೆ 1980ರ ಸುತ್ತ. ಆಟಿಯ ಮಳೆಯಲ್ಲಿ ನೋಂಬು ಹಿಡಿದ ವರ್ಷ ನಮ್ಮ ಅಂಗಡಿ ಶುರುವಾಯಿತು ಎಂದು ಅಜ್ಜ ಹೇಳಿದ್ದರೆ, ಆ ಮೂರರಲ್ಲಿ ಒಂದನ್ನು ಆಯ್ದು ಎರಡು ಮೂರು ವರ್ಷದ ಪತ್ರಿಕೆ ನೋಡಿದರೆ ಸಾಕು. ನೂರು ವರ್ಷದ ಕಟ್ಟು ಬಿಚ್ಚಬೇಕಾಗಿಲ್ಲ.

ಕಾಸರಗೋಡು ಮತ್ತು ದ್ವೀಪದ ಪಾಲು

ಬಂದರಿನ ಚರಿತ್ರೆ ಮಂಗಳೂರಿನವರಿಗಷ್ಟೇ ಸೇರಿದ್ದಲ್ಲ. 1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ತಾಲೂಕು. ಇಡೀ ಜಿಲ್ಲೆ ಮದರಾಸಿನ ಆಡಳಿತದಲ್ಲಿತ್ತು. ಮಂಜೇಶ್ವರ, ಉಪ್ಪಳ, ಕುಂಬಳೆ, ತಳಂಗರೆಯವರಿಗೆ ಜಿಲ್ಲಾ ಕಚೇರಿ, ದೊಡ್ಡ ಪೇಟೆ, ಕನ್ನಡ ಪತ್ರಿಕೆ ಎಲ್ಲವೂ ಮಂಗಳೂರೇ. ಹಾಗಾಗಿ 1956ರ ಮುಂಚಿನ ಮಂಗಳೂರು ಪತ್ರಿಕೆ ಕಾಸರಗೋಡಿನ ಕನ್ನಡಿಗರಿಗೂ ಸ್ವಂತ ಊರಿನ ಪತ್ರಿಕೆಯೇ ಆಗಿತ್ತು. ರಾಜ್ಯದ ಗಡಿ ಬದಲಾದ ಮೇಲೆ ಅಲ್ಲಿನ ಕಚೇರಿ ಭಾಷೆ, ಪ್ರಕಟಣೆಯ ಭಾಷೆ ಬದಲಾಯಿತು. ಅದಕ್ಕಿಂತ ಹಿಂದಿನ ಕಾಸರಗೋಡಿನ ಆಸ್ತಿ, ಅಂಗಡಿ, ಶಾಲೆ, ಮಸೀದಿಗಳ ಬಗ್ಗೆ ಕನ್ನಡದಲ್ಲಿ ಅಚ್ಚಾದದ್ದು ಬೇಕಿದ್ದರೆ ಮಂಗಳೂರಿನ ಕಟ್ಟುಗಳನ್ನೇ ಬಿಚ್ಚಬೇಕು.

ಅದೇ ರೀತಿ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್ ಮುಂತಾದ ಅಮೀನ್‌ದಿವಿ ದ್ವೀಪಗಳೂ 1956ರ ತನಕ ಇದೇ ಜಿಲ್ಲೆಯ ಆಡಳಿತದಲ್ಲಿದ್ದವು. ದ್ವೀಪದ ತೆಂಗಿನ ನಾರಿನ ಹುರಿ ಮಂಗಳೂರಿಗೆ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಹುರಿಯ ವ್ಯಾಪಾರ ಸರಕಾರದ ಹಿಡಿತದಲ್ಲಿತ್ತು. ದ್ವೀಪದ ಓಡಗಳು ಧಕ್ಕೆಗೆ ಬಂದು ನಿಂತ ದಿನ ಬಂದರಿನ ಅಂಗಡಿಗಳಿಗೆ ಒಳ್ಳೆ ವ್ಯಾಪಾರ. ಇವತ್ತಿಗೂ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಹೋಗುತ್ತದೆ.

ಮುಂದಿನ ತಿರುವು ಪಣಂಬೂರು. ನವಮಂಗಳೂರು ಬಂದರು 1974ರಲ್ಲಿ ಪ್ರಮುಖ ಬಂದರು ಎಂದು ಘೋಷಣೆಯಾಯಿತು. ದೊಡ್ಡ ಹಡಗು, ದೊಡ್ಡ ಸರಕು ಅಲ್ಲಿಗೆ ಹೋಯಿತು. ಹಳೆ ಬಂದರಿಗೆ ಉಳಿದದ್ದು ಮೀನುಗಾರಿಕೆ, ದ್ವೀಪದ ವ್ಯಾಪಾರ, ಸಗಟು ಅಂಗಡಿಗಳು. 1970ರ ದಶಕದ ಪತ್ರಿಕೆ ಓದುವವರು ಪಣಂಬೂರಿನ ಉದ್ಘಾಟನೆಯ ದೊಡ್ಡ ಸುದ್ದಿಯ ಜೊತೆಗೆ, ಬಂದರಿನ ಗೋದಾಮು ಬಾಡಿಗೆ, ಮಾರಾಟದ ಸಣ್ಣ ಜಾಹೀರಾತುಗಳನ್ನೂ ಓದಬೇಕು. ಒಂದು ಕೇರಿಯ ವ್ಯಾಪಾರ ಜಾಗ ಬದಲಿಸುವಾಗ ಮೊದಲು ಖಾಲಿಯಾಗುವುದು ಗೋದಾಮು.

ಪತ್ರಿಕೆ ಹೇಳದೆ ಬಿಟ್ಟದ್ದು

ಅಚ್ಚಾದದ್ದೆಲ್ಲ ಸತ್ಯ ಅಲ್ಲ, ಅಚ್ಚಾಗದ್ದೆಲ್ಲ ನಡೆದಿಲ್ಲ ಎಂದೂ ಅಲ್ಲ. ಮಿಷನ್ ಪತ್ರಿಕೆಗೆ ಧರ್ಮಪ್ರಚಾರದ ಉದ್ದೇಶ ಇತ್ತು. ರಾಷ್ಟ್ರೀಯ ಚಳವಳಿಯ ಪತ್ರಿಕೆಗೆ ಚಳವಳಿಯ ಸುದ್ದಿಯೇ ಮುಖ್ಯ. 1920ರ ಆಗಸ್ಟ್‌ನಲ್ಲಿ ಖಿಲಾಫತ್ ಚಳವಳಿಯ ಪ್ರವಾಸದಲ್ಲಿ ಗಾಂಧೀಜಿ ಮತ್ತು ಮೌಲಾನಾ ಶೌಕತ್ ಅಲಿ ಮಂಗಳೂರಿಗೆ ಬಂದರು. ಅಂಥ ದಿನದ ವರದಿಯಲ್ಲಿ ವೇದಿಕೆಯ ಮೇಲಿದ್ದವರ ಹೆಸರು ಇರುತ್ತದೆ, ಬಂದರಿನಿಂದ ಅಂಗಡಿ ಮುಚ್ಚಿ ಬಂದು ಕೆಳಗೆ ನಿಂತವರ ಹೆಸರು ಇರುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಾಗದಕ್ಕೇ ಬರ, ಪುಟ ಕಡಿಮೆ. ಆ ವರ್ಷಗಳಲ್ಲಿ ಬಂದರಿನ ಸುದ್ದಿ ಸಿಗದಿದ್ದರೆ ಏನೂ ನಡೆಯಲಿಲ್ಲ ಎಂದುಕೊಳ್ಳಬಾರದು.

ಆದ್ದರಿಂದ ಪತ್ರಿಕೆಯ ಮಾತನ್ನು ಇನ್ನೊಂದು ಮೂಲದ ಜೊತೆ ತಾಳೆ ನೋಡಬೇಕು. ಮನೆಯ ಪತ್ರ, ನೋಂದಣಿ ಕಚೇರಿಯ ದಾಖಲೆ, ಮಸೀದಿ ಕಡತ, ಕಬರಸ್ತಾನದ ಕಲ್ಲು, 1894ರ ಸ್ಟರಾಕ್ ಅವರ ದಕ್ಷಿಣ ಕನ್ನಡ ಕೈಪಿಡಿ, ಇವುಗಳಲ್ಲಿ ಎರಡು ಒಂದೇ ಮಾತು ಹೇಳಿದರೆ ನಂಬಬಹುದು.

ಎಲ್ಲಿ ಹುಡುಕುವುದು

ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ವಿಭಾಗದಲ್ಲಿ ಬಾಸೆಲ್ ಮಿಷನ್ ಕಾಲದ ಮುದ್ರಣಗಳಿವೆ. ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಲ್ಲಿ ಮಿಷನ್‌ನ ಮೂಲ ದಾಖಲೆಗಳಿವೆ. ಚೆನ್ನೈನ ಕನ್ನೆಮಾರಾ ಸಾರ್ವಜನಿಕ ಗ್ರಂಥಾಲಯ ಮತ್ತು ತಮಿಳುನಾಡು ದಾಖಲೆ ಕೇಂದ್ರವನ್ನೂ ಮರೆಯಬಾರದು. 1956ರ ತನಕ ನಮ್ಮ ಜಿಲ್ಲೆಯ ಕಾಗದಪತ್ರ ಹೋಗುತ್ತಿದ್ದದ್ದು ಮದರಾಸಿಗೆ. ಬ್ರಿಟಿಷ್ ಸರಕಾರ ದೇಶಭಾಷಾ ಪತ್ರಿಕೆಗಳಲ್ಲಿ ಏನು ಬರುತ್ತಿದೆ ಎಂದು ತಿಳಿಯಲು ಇಂಗ್ಲಿಷ್ ಸಾರಾಂಶ ಮಾಡಿಸುತ್ತಿತ್ತು. ಮೂಲ ಸಂಚಿಕೆ ನಾಶವಾಗಿದ್ದರೂ ಈ ಸಾರಾಂಶದಲ್ಲಿ ಒಂದೆರಡು ಸಾಲು ಉಳಿದಿರಬಹುದು. ಅದರ ಸ್ವಲ್ಪ ಭಾಗ ಈಗ ಅಂತರ್ಜಾಲದಲ್ಲೂ ಇದೆ.

ಇವೆಲ್ಲಕ್ಕಿಂತ ಹತ್ತಿರದ್ದು ಮನೆಯ ಅಟ್ಟ. ಹಳೆ ಪತ್ರಿಕೆ ಬಂದರಿನಲ್ಲಿ ಉಳಿಯದೇ ಹೋದದ್ದಕ್ಕೆ ಮುಖ್ಯ ಕಾರಣ ಬಂದರಿನ ವ್ಯಾಪಾರವೇ. ಸಕ್ಕರೆ, ಮೆಣಸು, ಒಣಮೀನು ಕಟ್ಟಿಕೊಡಲು ಪತ್ರಿಕೆ ಬೇಕಿತ್ತು. ಆದರೂ ಪೆಟ್ಟಿಗೆಯ ತಳಕ್ಕೆ ಹಾಸಿದ ಹಾಳೆ, ಕಿತಾಬಿಗೆ ಹಾಕಿದ ಹೊದಿಕೆ, ಮದುವೆಯ ಪ್ರಕಟಣೆ ಬಂದಿದೆ ಎಂದು ಎತ್ತಿಟ್ಟ ತುಂಡು ಅಲ್ಲಲ್ಲಿ ಇದೆ. ಮನೆ ಕೆಡವಿ ಫ್ಲಾಟ್ ಕಟ್ಟುವಾಗ ಗುಜರಿಗೆ ಹೋಗುವ ಮೊದಲ ವಸ್ತುವೂ ಅದೇ.

ಯುವಕ ಯುವತಿಯರು ಮಾಡಬಹುದಾದ ಕೆಲಸ ಸುಲಭ. ಹಾಳೆ ಸಿಕ್ಕಿದರೆ ಬಿಸಿಲಿಗೆ ಇಡಬೇಡಿ, ಅಂಟು ಪಟ್ಟಿ ಹಚ್ಚಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ. ಬೇಕಾದ ಸುದ್ದಿಯನ್ನು ಮಾತ್ರ ಕತ್ತರಿಸಬೇಡಿ, ಇಡೀ ಪುಟದ ಫೋಟೋ ತೆಗೆಯಿರಿ. ಪತ್ರಿಕೆಯ ಹೆಸರು, ದಿನಾಂಕ, ಪುಟ ಸಂಖ್ಯೆ ಕಾಣುವಂತಿರಲಿ. 1867ರ ಮುದ್ರಣ ಕಾಯ್ದೆಯಿಂದಾಗಿ ಮುದ್ರಕರು, ಪ್ರಕಾಶಕರ ಹೆಸರು ಪತ್ರಿಕೆಯಲ್ಲಿ ಅಚ್ಚಾಗಿರಲೇಬೇಕಿತ್ತು. ಮೇಲ್ಭಾಗ ಹರಿದು ಹೋಗಿದ್ದರೂ ಆ ಸಾಲಿನಿಂದ ಪತ್ರಿಕೆ ಯಾವುದೆಂದು ಗೊತ್ತಾಗಬಹುದು. ಹಿಂಬದಿಯ ಫೋಟೋವನ್ನೂ ತೆಗೆಯಿರಿ. ನಿಮಗೆ ಬೇಕಾದದ್ದು ಮದುವೆ ಪ್ರಕಟಣೆ ಇರಬಹುದು, ಹಿಂಬದಿಯಲ್ಲಿರುವ ಹರಾಜು ನೋಟಿಸಿನಲ್ಲಿ ಪಕ್ಕದ ಮನೆಯವರ ಅಜ್ಜನ ಹೆಸರು ಇರಬಹುದು.

ಆಮೇಲೆ ಆ ಫೋಟೋ ಮನೆಯ ಹಿರಿಯರಿಗೆ ತೋರಿಸಿ, ಅವರು ಹೇಳಿದ್ದನ್ನು ಬ್ಯಾರಿಯಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಅಚ್ಚಿನಲ್ಲಿರುವ ಹೆಸರು ಯಾರದ್ದು, ಆ ಗೋದಾಮು ಈಗ ಯಾವ ಕಟ್ಟಡ ಎಂದು ಹೇಳಬಲ್ಲವರು ಅವರೇ. ಹಾಳೆ ಇನ್ನೂ ಕೆಲವು ವರ್ಷ ಉಳಿಯಬಹುದು. ಅದನ್ನು ಓದಿ ಇದು ನಮ್ಮವರು ಎಂದು ಗುರುತಿಸಬಲ್ಲವರಿಗೆ ಈಗ ಎಂಬತ್ತು ದಾಟಿದೆ.